ಗ್ಯಾಸ್ಕೆಟ್ ಬದಲಾದ ಮೇಲೆ: ಹಳೆಯ ಮೋಟಾರ್‌ಹೋಮ್ ಎಂಜಿನ್ನಿನ ಪರೀಕ್ಷೆ

ಹಳೆಯ ಮೋಟಾರ್‌ಹೋಮ್ (ಮನೆಯನ್ನೇ ಹೊತ್ತು ಸಾಗುವ ಗಾಡಿ) ಒಂದರ ಎಂಜಿನ್ನಿಗೆ ಹೊಸ ಗ್ಯಾಸ್ಕೆಟ್‌ಗಳನ್ನು, ಅಂದರೆ ಲೋಹದ ಭಾಗಗಳ ನಡುವೆ ಕೂರುವ ಸೋರಿಕೆ ತಡೆಯುವ ಹಾಳೆಗಳನ್ನು, ಹಾಕಿ, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಕೀಲಿ ತಿರುಗಿಸಿದೊಡನೆ ಅದು ಸ್ಟಾರ್ಟ್ ಆಗಿ ಸಮನಾಗಿ ಓಡತೊಡಗಿದರೆ, ಕೆಲಸ ಮುಗಿಯಿತೆಂಬ ಸಮಾಧಾನ ಮೂಡುವುದು ಸಹಜ. ಆದರೆ ಆ ಹೊತ್ತಿಗೆ ಖಚಿತವಾಗಿರುವುದು ಇಷ್ಟೇ: ಇಂಧನ ಬರುತ್ತಿದೆ, ಕಿಡಿ ಹಾರುತ್ತಿದೆ, ಬಿಡಿಭಾಗಗಳು ತಮ್ಮ ತಮ್ಮ ಜಾಗದಲ್ಲಿವೆ. ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಬೇಕು, ಭಾರ ಎಳೆಯಬೇಕು, ಮತ್ತೆ ಪೂರ್ತಿ ತಣಿಯಬೇಕು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ವಿಷಯ ತಿಳಿಸುವ ಗಳಿಗೆ ಎಂಜಿನ್ ಓಡುತ್ತಿರುವಾಗಿನದಲ್ಲ, ಮರುದಿನ ಬೆಳಿಗ್ಗೆ ತಣ್ಣಗಿರುವ ರೇಡಿಯೇಟರಿನ ಮುಚ್ಚಳ ತೆಗೆಯುವಾಗಿನದು. ಅದೇಕೆ ಹಾಗೆ ಎಂದು ತಿಳಿಯಲು ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಮೊದಲು ನೋಡಬೇಕು.

ಎಷ್ಟೇ ನುಣುಪಾಗಿ ಕಡೆದ ಲೋಹದ ಮುಖದಲ್ಲೂ ಕಣ್ಣಿಗೆ ಕಾಣದ ಏರುತಗ್ಗುಗಳು ಇದ್ದೇ ಇರುತ್ತವೆ. ಅಂಥ ಎರಡು ಮುಖಗಳನ್ನು ಬೋಲ್ಟ್‌ಗಳಿಂದ ಬಿಗಿದಾಗ ನಡುವೆ ಉಳಿಯುವ ಸಂದುಗಳನ್ನು ತುಂಬುವುದು ಗ್ಯಾಸ್ಕೆಟ್ಟಿನ ಕೆಲಸ. ಸಂಪ್ (ಎಂಜಿನ್ನಿನ ತಳದ ಎಣ್ಣೆತೊಟ್ಟಿ) ಅಥವಾ ಟ್ಯಾಪೆಟ್ ಕವರಿಗೆ (ವಾಲ್ವುಗಳ ಮೇಲಿನ ಮುಚ್ಚಳ) ಕಾರ್ಕ್, ರಬ್ಬರು, ಕಾಗದ ಸಾಕಾಗುತ್ತವೆ. ಅಲ್ಲಿ ತಡೆಯಬೇಕಾದದ್ದು ಒತ್ತಡವೇ ಇಲ್ಲದ ಎಣ್ಣೆಯನ್ನು ಮಾತ್ರ. ಸಿಲಿಂಡರುಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚುವ ಸಿಲಿಂಡರ್ ಹೆಡ್ ಇವೆರಡರ ನಡುವಣ ಗ್ಯಾಸ್ಕೆಟ್ಟಿನ ಪಾಡೇ ಬೇರೆ. ಅದು ಉರಿಯುವ ಅನಿಲ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಮತ್ತು ಎಣ್ಣೆ ಈ ಮೂರನ್ನೂ ಒಂದಕ್ಕೊಂದು ಬೆರೆಯದಂತೆ ಏಕಕಾಲಕ್ಕೆ ಕಾಯಬೇಕು. ಪೂರ್ತಿ ಭಾರದಲ್ಲಿರುವ ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡ ಕ್ಷಣಕಾಲ 50 ಬಾರ್‌ನ (ಒಂದು ಬಾರ್ ಎಂದರೆ ಸುಮಾರಾಗಿ ವಾತಾವರಣದ ಒತ್ತಡ) ಆಸುಪಾಸಿಗೆ ಏರುತ್ತದೆ. ಸಿಲಿಂಡರಿನ ವ್ಯಾಸ 100 ಮಿಲಿಮೀಟರ್ ಎಂದುಕೊಂಡರೆ, ಹೆಡ್ಡನ್ನು ಮೇಲಕ್ಕೆತ್ತಲು ನೋಡುವ ಬಲ ಸುಮಾರು 4 ಟನ್ ಆಗುತ್ತದೆ. 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2000 ಸುತ್ತು) ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ ಹದಿನಾರು ಬಾರಿಗಿಂತ ಹೆಚ್ಚು ನಡೆಯುತ್ತದೆ.

ಇದಕ್ಕೆ ಉಷ್ಣದ ಹಿಗ್ಗುವಿಕೆ ಸೇರಿಕೊಳ್ಳುತ್ತದೆ. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 70 ಡಿಗ್ರಿಯಷ್ಟು ಕಾದರೆ 0.8 ಮಿಲಿಮೀಟರ್ ಬೆಳೆಯುತ್ತದೆ, ಅದರ ಕೆಳಗಿನ ಕಬ್ಬಿಣದ ಬ್ಲಾಕ್ ಅದರ ಅರ್ಧದಷ್ಟು ಮಾತ್ರ ಬೆಳೆಯುತ್ತದೆ. ಈ ವ್ಯತ್ಯಾಸವನ್ನು ನಡುವಿರುವ ಗ್ಯಾಸ್ಕೆಟ್ ಪ್ರತಿ ಸಲವೂ ಉಜ್ಜಿಸಿಕೊಂಡೇ ತಾಳಬೇಕು. ಕಾದಾಗ ಬಿಗಿಯಾಗಿ ಕೂತ ಸಂದು ತಣಿಯುವಾಗ ಸಡಿಲವಾಗುವುದು, ತಣ್ಣಗಿದ್ದಾಗ ಬಾಯಿ ತೆರೆದಿದ್ದ ಸಂದು ಕಾದಾಗ ಮುಚ್ಚಿಕೊಳ್ಳುವುದು, ಎರಡೂ ಸಾಧ್ಯ. ಅದರಿಂದಲೇ ಒಂದೇ ಸ್ಥಿತಿಯಲ್ಲಿ ನಡೆಸಿದ ಪರೀಕ್ಷೆ ಅರ್ಧ ಪರೀಕ್ಷೆ ಮಾತ್ರ.

ಮೋಟಾರ್‌ಹೋಮ್‌ನಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ಗೋಡೆಯಂತಹ ಮುಂಭಾಗ ಹೊತ್ತು ಹಲವು ಟನ್ ಭಾರ ಎಳೆಯುವ ಎಂಜಿನ್ ಅದು. ಕಾರಿನ ಎಂಜಿನ್ ಅಪರೂಪಕ್ಕೆ ಕಾಣುವ ಭಾರವನ್ನು ಅದು ಗಂಟೆಗಟ್ಟಲೆ ಹೊರುತ್ತದೆ. ಮರುಕ್ಷಣವೇ ತಿಂಗಳುಗಟ್ಟಲೆ ನಿಂತುಬಿಡುತ್ತದೆ, ಆಗ ಸೀಲುಗಳು ಒಣಗುತ್ತವೆ, ಕೂಲಂಟ್ ಕೊಳೆಯುತ್ತದೆ. 1973ರಿಂದ 1978ರವರೆಗೆ ತಯಾರಾದ ಜಿಎಂಸಿ ಮೋಟಾರ್‌ಹೋಮ್‌ನ ಮೊದಲ ವರ್ಷಗಳ ಗಾಡಿಗಳಲ್ಲಿದ್ದದ್ದು 455 ಘನ ಇಂಚಿನ, ಅಂದರೆ ಸುಮಾರು 7.5 ಲೀಟರಿನ ಓಲ್ಡ್ಸ್‌ಮೊಬೈಲ್ ವಿ8 (ಎಂಟು ಸಿಲಿಂಡರುಗಳು ವಿ ಆಕಾರದ ಎರಡು ಸಾಲುಗಳಲ್ಲಿರುವ) ಎಂಜಿನ್. ಅಂಥ ದೊಡ್ಡ ಎಂಜಿನ್ ಚಾಲಕನ ಪಕ್ಕದ ಮುಚ್ಚಳದ ಕೆಳಗೆ, ಗಾಳಿ ಸರಿಯಾಗಿ ಆಡದ ಜಾಗದಲ್ಲಿ ಕೂತಿರುವುದು ಈ ಬಗೆಯ ಗಾಡಿಗಳಲ್ಲಿ ಸಾಮಾನ್ಯ. ಮುಚ್ಚಳದ ಈಚೆಗೆ ಇರುವುದು ಜನ ಉಣ್ಣುವ, ಮಲಗುವ ಕೋಣೆ ಎಂಬುದನ್ನು ಪರೀಕ್ಷೆಯುದ್ದಕ್ಕೂ ಮರೆಯಬಾರದು.

ಸ್ಟಾರ್ಟ್ ಮಾಡುವ ಮೊದಲು

ಗ್ಯಾಸ್ಕೆಟ್ ಬದಲಿಸಿದ ಎಂಜಿನ್ನುಗಳನ್ನು ಆಮೇಲೆ ಹಾಳುಮಾಡುವುದು ಹಲವು ಸಲ ಗ್ಯಾಸ್ಕೆಟ್ ಅಲ್ಲ, ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆಯುವಾಗ ಒಳಗೆ ಬಿದ್ದ ಚೂರುಗಳು. ಕೆರೆಯಲು ಉಜ್ಜುಬಿಲ್ಲೆಯನ್ನು ಬಳಸಿದ್ದರೆ ಅದರಿಂದ ಉದುರಿದ ಅಲ್ಯೂಮಿನಿಯಂ ಆಕ್ಸೈಡಿನ ಹರಳು ಎಣ್ಣೆಯೊಡನೆ ಬೇರಿಂಗಿಗೆ ತಲುಪಿ, ಕೆಲವೇ ಗಂಟೆಗಳಲ್ಲಿ ಅದನ್ನು ಸವೆಸಬಲ್ಲದು. ಆದ್ದರಿಂದ ಹಳೆಯ ಎಣ್ಣೆಯನ್ನೇ ಉಳಿಸಿಕೊಳ್ಳುವ ಉಳಿತಾಯ ಇಲ್ಲಿ ಸಲ್ಲದು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಬೇಕು. ಮೊದಲ ಕೆಲವು ಓಟಗಳ ನಂತರ ಅವನ್ನೂ ಬದಲಿಸಿಬಿಡಬೇಕು. ತೆಗೆದ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳಲ್ಲಿ ಏನು ಸಿಕ್ಕಿದೆಯೆಂದು ನೋಡುವುದು ಒಳ್ಳೆಯ ಅಭ್ಯಾಸ. ಹಳೆಯ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಉಸಿರಿನೊಡನೆ ಒಳಹೋದರೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆಯಾದ್ದರಿಂದ ಎಂಜಿನ್ ಸುತ್ತ ಉಳಿದ ಪುಡಿಯನ್ನು ಗಾಳಿ ಊದಿ ಹಾರಿಸದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಹೆಡ್ ಇಳಿಸಿ ಏರಿಸಿದ ಎಂಜಿನ್ನಿನ ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಅನುಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ ಬಿಗಿಯಲಾಗಿದೆಯೇ ಎಂದು ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಹಿಡಿದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ಷೆವ್ರೊಲೆಯ ಸಣ್ಣ ಬ್ಲಾಕಿನ ವಿ8ನಂತಹ ಕೆಲವು ಎಂಜಿನ್ನುಗಳಲ್ಲಿ ಹೆಡ್ ಬೋಲ್ಟ್‌ನ ತೂತು ನೇರವಾಗಿ ಕೂಲಂಟ್ ಇರುವ ಪೊಳ್ಳಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಬೋಲ್ಟಿನ ಎಳೆಗಳಿಗೆ ಸೀಲಂಟ್ ಹಚ್ಚದಿದ್ದರೆ ಕೂಲಂಟ್ ಎಳೆಯ ಗುಂಟ ಮೇಲೇರಿ ಟ್ಯಾಪೆಟ್ ಕವರಿನೊಳಗೆ ಇಳಿಯುತ್ತದೆ, ನೋಡುವವರು ಹೊಸ ಗ್ಯಾಸ್ಕೆಟ್ಟೇ ಹೋಯಿತೆಂದು ಭಾವಿಸುತ್ತಾರೆ.

ಇನ್ನು ಎಣ್ಣೆಯ ಒತ್ತಡ. ಬಹಳ ದಿನ ಬಿಚ್ಚಿಟ್ಟಿದ್ದ ಎಂಜಿನ್ನಿನ ಬೇರಿಂಗುಗಳಿಂದ ಎಣ್ಣೆ ಇಳಿದುಹೋಗಿರುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಇಗ್ನಿಷನ್ ಕಾಯಿಲಿಗೆ ಹೋಗುವ ತಂತಿಯನ್ನು ಬಿಡಿಸಿ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರದಂತೆ ತಡೆದು, ಸ್ಟಾರ್ಟರಿನಿಂದ ಹತ್ತು ಹದಿನೈದು ಸೆಕೆಂಡುಗಳಂತೆ ಬಿಟ್ಟುಬಿಟ್ಟು ತಿರುಗಿಸಬೇಕು. ಡೀಸೆಲ್ ಎಂಜಿನ್ನಾದರೆ ಇಂಧನ ಕಡಿಯುವ ಸೊಲೆನಾಯ್ಡ್‌ನ ತಂತಿ ತೆಗೆದರೆ ಸಾಕು. ಗೇಜಿನ ಮುಳ್ಳು ಏಳುವವರೆಗೆ, ಇಲ್ಲವೇ ಎಣ್ಣೆಯ ಕೆಂಪು ದೀಪ ಆರುವವರೆಗೆ ಎಂಜಿನ್ ಸ್ಟಾರ್ಟ್ ಮಾಡುವ ಮಾತೇ ಬೇಡ.

ಕೂಲಂಟ್ ತುಂಬುವುದು ಮೋಟಾರ್‌ಹೋಮ್‌ನಲ್ಲಿ ತಾಳ್ಮೆ ಬೇಡುವ ಕೆಲಸ. ಹಿಂಬದಿಯ ಹೀಟರಿಗೆ ಹೋಗುವ ಉದ್ದನೆಯ ಕೊಳವೆಗಳಲ್ಲಿ ಗಾಳಿ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ಹೀಟರಿನ ಕವಾಟಗಳನ್ನೆಲ್ಲ ತೆರೆದಿಟ್ಟು, ತುಂಬುವ ಬಾಯಿ ಎತ್ತರದಲ್ಲಿರುವಂತೆ ಗಾಡಿಯನ್ನು ನಿಲ್ಲಿಸಿ, ನಿಧಾನವಾಗಿ ಸುರಿಯಬೇಕು. ಗಾಳಿಯ ಗುಳ್ಳೆ ತಾಪಮಾನದ ಸೆನ್ಸರಿನ ಬಳಿ ನಿಂತರೆ ಹೆಡ್ ಕುದಿಯುತ್ತಿದ್ದರೂ ಗೇಜ್ ತಣ್ಣಗಿದೆಯೆಂದೇ ತೋರಿಸುತ್ತದೆ. ಸೆನ್ಸರ್ ಅಳೆಯುವುದು ಅದಕ್ಕೆ ತಾಗಿದ ದ್ರವದ ಬಿಸಿಯನ್ನು, ಆದರೆ ಅಲ್ಲಿ ದ್ರವವೇ ಇಲ್ಲ. ತುಂಬಿದ ಮೇಲೆ, ಸ್ಟಾರ್ಟ್ ಮಾಡುವುದಕ್ಕೂ ಮುಂಚೆ, ಕೈಪಂಪಿನಿಂದ ರೇಡಿಯೇಟರ್ ಮುಚ್ಚಳದ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಕಾಯಬೇಕು. ಪಂಪಿನ ಗೇಜಿನ ಮುಳ್ಳು ಇಳಿದು, ಹೊರಗೆಲ್ಲೂ ಹನಿ ಕಾಣದಿದ್ದರೆ ದ್ರವ ಒಳಗೆಲ್ಲೋ ಇಳಿಯುತ್ತಿದೆ ಎಂದರ್ಥ. ಆಗ ಪ್ಲಗ್ ತೂತುಗಳನ್ನು ತೆರೆದು ಎಂಜಿನ್ ತಿರುಗಿಸಿ ನೋಡಬೇಕು. ಸಿಲಿಂಡರಿನಲ್ಲಿ ದ್ರವ ನಿಂತಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ದ್ರವ ಗಾಳಿಯಂತೆ ಕುಗ್ಗುವುದಿಲ್ಲ.

ಮೊದಲ ಕಾವು

ಸ್ಟಾರ್ಟ್ ಆದ ಕೂಡಲೇ ನೋಡಬೇಕಾದದ್ದು ಎಣ್ಣೆಯ ಒತ್ತಡ. ಐದಾರು ಸೆಕೆಂಡಿನಲ್ಲಿ ಅದು ಏಳದಿದ್ದರೆ ಎಂಜಿನ್ ನಿಲ್ಲಿಸಬೇಕು. ಆನಂತರ ಸೈಲೆನ್ಸರಿನ ಹೊಗೆ. ಮೊದಲ ಕೆಲವು ನಿಮಿಷ ಬಿಳಿಯ ಆವಿ ಬಂದರೆ ಗಾಬರಿಪಡುವಂಥದ್ದೇನಿಲ್ಲ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ, ಅದು ತಣ್ಣನೆಯ ಕೊಳವೆಯಲ್ಲಿ ಮಂಜಾಗುತ್ತದೆ. ಹೆಡ್ ಇಳಿಸುವಾಗ ಸುರಿದ ಕೂಲಂಟ್ ಸೈಲೆನ್ಸರಿನಲ್ಲಿ ಉಳಿದಿದ್ದರೆ ಅದು ಆರಲು ಇನ್ನೂ ಹೊತ್ತು ಬೇಕು. ಎಂಜಿನ್ ಪೂರ್ತಿ ಕಾದು ಕಾಲು ಗಂಟೆ ಕಳೆದರೂ ದಟ್ಟ ಬಿಳಿ ಹೊಗೆ ನಿಲ್ಲದೆ, ಅದರಲ್ಲಿ ಸಿಹಿವಾಸನೆಯೂ ಇದ್ದರೆ, ಕೂಲಂಟ್ ಸಿಲಿಂಡರಿನಲ್ಲಿ ಉರಿಯುತ್ತಿದೆ ಎಂದು ಅನುಮಾನಿಸಬೇಕು.

ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆದುಕೊಂಡಾಗ ರೇಡಿಯೇಟರಿನ ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುತ್ತದೆ. ಆ ಕ್ಷಣ ದಾಟುವವರೆಗೆ ಎಂಜಿನ್ ಬಿಟ್ಟು ಅತ್ತಿತ್ತ ಹೋಗಬಾರದು. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಹೌಸಿಂಗಿನ ಬಿಸಿಯನ್ನೂ ಡ್ಯಾಷ್‌ಬೋರ್ಡಿನ ಗೇಜನ್ನೂ ಹೋಲಿಸಿ ನೋಡಬಹುದು. ಐವತ್ತು ವರ್ಷದ ಗೇಜನ್ನು ಕಣ್ಣುಮುಚ್ಚಿ ನಂಬುವುದಕ್ಕಿಂತ ಇದು ಲೇಸು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಂದ ಹೊಗೆ ಒಯ್ಯುವ ಕೊಳವೆಗಳ ಗುಂಪು) ಕವಲುಗಳ ಬಿಸಿಯನ್ನೂ ಒಂದೊಂದಾಗಿ ಅಳೆದರೆ, ಉಳಿದವುಗಳಿಗಿಂತ ತೀರ ತಣ್ಣಗಿರುವ ಕವಲು ಉರಿಯದ ಸಿಲಿಂಡರನ್ನು ತೋರಿಸಿಕೊಡುತ್ತದೆ.

ಪೂರ್ತಿ ಕಾದ ಮೇಲೆ ಎಂಜಿನ್ ನಿಲ್ಲಿಸಿ, ಅದರ ಪಾಡಿಗೆ ರಾತ್ರಿಯಿಡೀ ತಣಿಯಲು ಬಿಡಬೇಕು. ಫ್ಯಾನ್ ಇಟ್ಟು ಬೇಗ ತಣಿಸುವುದು, ನೀರು ಎರಚುವುದು ಹೆಡ್ಡಿಗೂ ಒಳ್ಳೆಯದಲ್ಲ, ಪರೀಕ್ಷೆಗೂ ಒಳ್ಳೆಯದಲ್ಲ.

ಮರುದಿನ ಬೆಳಿಗ್ಗೆ

ತಣ್ಣಗಿರುವ ಎಂಜಿನ್ನಿನ ಮುಂದೆ ಮೊದಲು ಮಾಡಬೇಕಾದದ್ದು ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿ ನೋಡುವುದು. ಕಾದಾಗ ಕೂಲಂಟ್ ಹಿಗ್ಗಿ ಒತ್ತಡ ಹುಟ್ಟುತ್ತದೆ, ತಣಿದಾಗ ಅದು ಕುಗ್ಗಿ ಒತ್ತಡ ಇಲ್ಲವಾಗುತ್ತದೆ. ಹೋಸ್ ಮೆತ್ತಗಿರಬೇಕು, ಮುಚ್ಚಳ ತೆಗೆದಾಗ ಒಳಗಿನಿಂದ ಗಾಳಿ ನುಗ್ಗಿ ಬರಬಾರದು. ಇಡೀ ರಾತ್ರಿ ತಣಿದ ಮೇಲೂ ಹೋಸ್ ಗಟ್ಟಿಯಾಗಿದ್ದು, ಮುಚ್ಚಳ ಸಡಿಲಿಸಿದೊಡನೆ ‘ಬುಸ್’ ಎಂದರೆ, ಅಲ್ಲಿರುವುದು ಬಿಸಿಯಿಂದ ಹುಟ್ಟಿದ ಒತ್ತಡವಲ್ಲ. ಹಿಂದಿನ ದಿನ ಸಿಲಿಂಡರಿನಿಂದ ನುಸುಳಿ ಬಂದು, ತಣಿದರೂ ದ್ರವವಾಗದೆ ಉಳಿದ ಅನಿಲ ಅದು. ಯಾವ ಉಪಕರಣವೂ ಬೇಡದ, ಆದರೂ ಇಷ್ಟು ಸ್ಪಷ್ಟವಾಗಿ ಮಾತಾಡುವ ಇನ್ನೊಂದು ಪರೀಕ್ಷೆ ನನಗೆ ತಿಳಿದಿಲ್ಲ.

ಮುಚ್ಚಳ ತೆಗೆದ ಮೇಲೆ ಕೂಲಂಟಿನ ಮಟ್ಟ ನೋಡಬೇಕು. ಮೊದಲ ಕಾವಿನ ನಂತರ ಅದು ಸ್ವಲ್ಪ ಇಳಿದಿದ್ದರೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದಿದೆ ಎಂದಷ್ಟೇ ಅರ್ಥ. ತುಂಬಿಸಿ, ಮತ್ತೆ ಕಾಯಿಸಿ, ಮತ್ತೆ ತಣಿಸಬೇಕು. ಎರಡನೆಯ, ಮೂರನೆಯ ಬೆಳಿಗ್ಗೆಯೂ ಅದೇ ಪ್ರಮಾಣದಲ್ಲಿ ಇಳಿದರೆ ಆ ಸಮಾಧಾನಕ್ಕೆ ಜಾಗವಿಲ್ಲ.

ಎಣ್ಣೆಯ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ಎಣ್ಣೆ ತುಂಬುವ ಮುಚ್ಚಳದ ಕೆಳಗೆ ಮಜ್ಜಿಗೆಯಂತಹ ಬಿಳಿಯ ಲೇಪ ಕಂಡರೆ ಹಲವರು ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಹೇಳಿಬಿಡುತ್ತಾರೆ. ಸ್ವಲ್ಪ ಹೊತ್ತು ಓಡಿ ನಿಂತ ಎಂಜಿನ್ನಿನೊಳಗಿನ ತೇವವೂ ಅಲ್ಲಿ ಹಾಗೆಯೇ ಕೂರುತ್ತದೆ. ಡಿಪ್‌ಸ್ಟಿಕ್ಕಿನ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಣ್ಣೆ ಬೆಳ್ಳಗಾಗಿದ್ದರೆ, ಅಥವಾ ಮಟ್ಟ ತಾನಾಗಿಯೇ ಏರಿದ್ದರೆ ಆಗ ವಿಷಯ ಗಂಭೀರ. ಸಂದೇಹ ಪೂರ್ತಿ ಹೋಗಬೇಕಾದರೆ, ರಾತ್ರಿಯಿಡೀ ನಿಂತ ಎಂಜಿನ್ನಿನ ಸಂಪಿನ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಮೊದಲು ಬರುವ ಒಂದೆರಡು ಚಮಚವನ್ನು ಗಾಜಿನ ಲೋಟದಲ್ಲಿ ಹಿಡಿಯಬೇಕು. ಕೂಲಂಟ್ ಎಣ್ಣೆಗಿಂತ ಭಾರ. ಎಣ್ಣೆಯೊಡನೆ ಕಲಸಿಹೋಗದೆ ತಳದಲ್ಲಿ ನಿಂತಿದ್ದರೆ ಮೊದಲು ಬರುವುದು ಅದೇ.

ಹಳೆಯ ಮಾದರಿಯ ಸಂಯುಕ್ತ ಗ್ಯಾಸ್ಕೆಟ್‌ಗಳು ಮೊದಲ ಕಾವಿಗೆ ಸ್ವಲ್ಪ ಚಪ್ಪಟೆಯಾಗುತ್ತವೆ, ಅಷ್ಟರಮಟ್ಟಿಗೆ ಬೋಲ್ಟ್‌ಗಳ ಬಿಗಿ ಸಡಿಲವಾಗುತ್ತದೆ. ಅವನ್ನು ಮತ್ತೆ ಬಿಗಿಯಬೇಕೆಂದು ಅನೇಕ ಹಳೆಯ ಕೈಪಿಡಿಗಳು ವಿಧಿಸುತ್ತವೆ. ಬಿಸಿಯಿರುವಾಗಲೋ ತಣಿದ ಮೇಲೋ ಎಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ತಿಳಿಯಬೇಕು. ಹಲವು ಪದರಗಳ ಉಕ್ಕಿನ ಹೊಸ ಗ್ಯಾಸ್ಕೆಟ್‌ಗಳಿಗೆ ಸಾಮಾನ್ಯವಾಗಿ ಈ ಮರುಬಿಗಿತ ಬೇಕಾಗುವುದಿಲ್ಲ. ಲೋಹ ಮತ್ತೆ ಮೊದಲಿನ ಉದ್ದಕ್ಕೆ ಮರಳದಷ್ಟು ಎಳೆದು ಬಿಗಿಯುವ ಬೋಲ್ಟ್‌ಗಳನ್ನಂತೂ ಕೈಪಿಡಿ ಹೇಳದ ಹೊರತು ಮತ್ತೆ ತಿರುಗಿಸಲೇಬಾರದು. ಹೆಡ್ ಮರುಬಿಗಿದ ಮೇಲೆ ರಾಕರಿನ (ವಾಲ್ವನ್ನು ಒತ್ತಿ ತೆರೆಯುವ ತೋಳು) ಸಂದು ಬದಲಾಗಿರುತ್ತದೆ, ಆದ್ದರಿಂದ ಕೈಯಿಂದ ಹೊಂದಿಸುವ ಟ್ಯಾಪೆಟ್‌ಗಳಿರುವಲ್ಲಿ ಅವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಇದನ್ನು ಮರೆತು, ಸಂದು ತೀರ ಕಿರಿದಾಗಿ, ಪೂರ್ತಿ ಮುಚ್ಚಿಕೊಳ್ಳದ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋದ ನಂತರ ಗ್ಯಾಸ್ಕೆಟ್ಟನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಒಳಗಿನ ಸೋರಿಕೆಯನ್ನು ಅಳೆಯುವುದು

ಬೆಳಗಿನ ಪರೀಕ್ಷೆ ಅನುಮಾನ ಹುಟ್ಟಿಸಿದರೆ, ಇಲ್ಲವೇ ಮುಂದಕ್ಕೆ ಹೋಲಿಸಲು ಅಂಕಿಗಳು ಬೇಕೆನಿಸಿದರೆ, ಮೂರು ಬಗೆಯ ಅಳತೆಗಳಿವೆ. ಎಲ್ಲರಿಗೂ ಪರಿಚಿತವಾದದ್ದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ಲಗ್ ತೂತಿಗೆ ಗೇಜ್ ಜೋಡಿಸಿ, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ, ಸಿಲಿಂಡರಿನಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆಂದು ಅಳೆಯುವುದು. ಎಂಜಿನ್ ಬೆಚ್ಚಗಿರಬೇಕು, ಎಲ್ಲ ಪ್ಲಗ್‌ಗಳನ್ನೂ ಕಳಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ತುಂಬಿರಬೇಕು. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ 8ರಿಂದ 10 ಬಾರ್‌ನ ಆಸುಪಾಸು ಸಾಮಾನ್ಯ. ಆದರೆ ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಸಮಾನತೆ; ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಅಲ್ಲೇನೋ ತೊಡಕಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಜೊತೆಯಾಗಿ ಇಳಿದಿದ್ದರೆ ಅವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಗ್ಯಾಸ್ಕೆಟ್ ತೆರೆದುಕೊಂಡಿರುವ ಸಾಧ್ಯತೆ ಬಲವಾಗಿದೆ. ಒಂದೇ ಸಿಲಿಂಡರ್ ಇಳಿದಿದ್ದರೆ ಪ್ಲಗ್ ತೂತಿನೊಳಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು: ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ.

ವಾಲ್ವೋ ಗ್ಯಾಸ್ಕೆಟ್ಟೋ ಎಂಬ ಆ ಉಳಿದ ಪ್ರಶ್ನೆಯನ್ನು ಬಿಡಿಸುವುದು ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ ಮೇಲ್ತುದಿಯಲ್ಲಿ, ವಾಲ್ವುಗಳೆರಡೂ ಮುಚ್ಚಿರುವಾಗ, ಪ್ಲಗ್ ತೂತಿನ ಮೂಲಕ ಕಂಪ್ರೆಸರಿನ ಗಾಳಿ ಬಿಟ್ಟು ಅದು ಎಲ್ಲಿಂದ ಹೊರಬರುತ್ತದೆಂದು ಕಿವಿಗೊಟ್ಟು ಕೇಳಬೇಕು. ಕಾರ್ಬ್ಯುರೇಟರಿನಲ್ಲಿ ಸದ್ದಾದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಿಯಲ್ಲಾದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ, ಅಥವಾ ಪಕ್ಕದ ಪ್ಲಗ್ ತೂತಿನಿಂದ ಗಾಳಿ ಬಂದರೆ, ಹೆಡ್ ಮತ್ತೆ ಇಳಿಯಬೇಕು. ಗಾಳಿಯ ಒತ್ತಡಕ್ಕೆ ಎಂಜಿನ್ ಒಮ್ಮೆಲೇ ತಿರುಗಬಹುದಾದ್ದರಿಂದ ಕೈಗಳನ್ನು ಫ್ಯಾನು, ಬೆಲ್ಟುಗಳಿಂದ ದೂರವಿಡಬೇಕು, ಕ್ರ್ಯಾಂಕ್ ತಿರುಗಿಸುವ ಪಾನಾವನ್ನು ಅಲ್ಲೇ ಬಿಟ್ಟಿರಬಾರದು.

ಮೂರನೆಯದು ರಾಸಾಯನಿಕ ಪರೀಕ್ಷೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಎಳೆದಾಗ, ಅದರಲ್ಲಿ ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಕೂಲಂಟ್ ಆ ದ್ರವಕ್ಕೆ ತಾಗಿದರೆ ಪರೀಕ್ಷೆ ಕೆಡುತ್ತದೆ, ಹಾಗಾಗಿ ಮಟ್ಟವನ್ನು ಮೊದಲೇ ಸ್ವಲ್ಪ ಇಳಿಸಿಕೊಳ್ಳಬೇಕು. ಈ ಪರೀಕ್ಷೆಗೆ ಒಂದು ಮಿತಿಯಿದೆ: ಕೂಲಂಟ್ ಮಾತ್ರ ಹೊರಗೆ ಸೋರಿ, ಅನಿಲ ಒಳಗೆ ಬಾರದ ದೋಷವನ್ನು ಇದು ಹಿಡಿಯಲಾರದು. ಫೋಕ್ಸ್‌ವ್ಯಾಗನ್ ಕ್ಯಾಂಪರಿನಲ್ಲಿ 1980ರ ದಶಕದಲ್ಲಿ ಬಂದ, ನೀರಿನಿಂದ ತಣಿಯುವ ಫ್ಲ್ಯಾಟ್-ಫೋರ್ (ನಾಲ್ಕು ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ) ಎಂಜಿನ್ ಇದಕ್ಕೆ ತಕ್ಕ ಉದಾಹರಣೆ. ಅದರಲ್ಲಿ ಉರಿಯುವ ಅನಿಲವನ್ನು ತಡೆಯುವುದು ಲೋಹದ ಬಳೆ, ಕೂಲಂಟನ್ನು ತಡೆಯುವುದು ಹೊರಸುತ್ತಿನ ಪ್ರತ್ಯೇಕ ರಬ್ಬರ್ ಗ್ಯಾಸ್ಕೆಟ್. ರಬ್ಬರ್ ಸೋರುತ್ತಿದ್ದರೂ ಕಂಪ್ರೆಷನ್ ಅಂಕಿಗಳೂ ನೀಲಿ ದ್ರವವೂ ನಿರ್ದೋಷವೆಂದೇ ಹೇಳಬಹುದು. ಅದಕ್ಕೂ ಹಿಂದಿನ, ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ ಕೂಲಂಟೇ ಇಲ್ಲದ್ದರಿಂದ ಇಲ್ಲಿ ಹೇಳಿದ ಪರೀಕ್ಷೆಗಳಲ್ಲಿ ಅರ್ಧದಷ್ಟು ಅನ್ವಯಿಸುವುದಿಲ್ಲ.

ಮ್ಯಾನಿಫೋಲ್ಡುಗಳು

ಸಿಲಿಂಡರುಗಳಿಗೆ ಗಾಳಿ, ಇಂಧನ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಗೆ ಸೇರಿ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ನಿಧಾನ ಓಟ) ಏರುಪೇರಾಗುತ್ತದೆ. ವ್ಯಾಕ್ಯೂಮ್ ಗೇಜ್ ಜೋಡಿಸಿದಾಗ ಆರೋಗ್ಯವಂತ ಎಂಜಿನ್ ಐಡಲ್‌ನಲ್ಲಿ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಪಾದರಸದಷ್ಟು ತೋರಿಸುತ್ತದೆ, ಮುಳ್ಳು ಅಲುಗದೆ ನಿಲ್ಲುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ವಿ8ಗಳಲ್ಲಿ ಈ ಗ್ಯಾಸ್ಕೆಟ್ ಕೆಳಬದಿಯಲ್ಲಿ, ಸಿಲಿಂಡರುಗಳ ಎರಡು ಸಾಲುಗಳ ನಡುವಣ ಎಣ್ಣೆಯಿರುವ ಕಣಿವೆಯ ಕಡೆಗೆ ಸೋರಿದರೆ ಹೊರಗೆ ಯಾವ ಸದ್ದೂ ಕೇಳಿಸುವುದಿಲ್ಲ. ನೀಲಿ ಹೊಗೆ, ಎಣ್ಣೆ ಹತ್ತಿದ ಪ್ಲಗ್‌ಗಳು, ಕಾರಣ ತಿಳಿಯದೆ ಇಳಿಯುವ ಎಣ್ಣೆ, ಇವಿಷ್ಟೇ ಅದರ ಕುರುಹು. ಸೋರುವ ಜಾಗ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಉರಿಯುವ ದ್ರವಗಳನ್ನು ಸಿಂಪಡಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮನೆಯೊಂದನ್ನು ಹೊತ್ತ ಗಾಡಿಯಲ್ಲಿ ಆ ಅಪಾಯ ಬೇಡ. ತೆಳುವಾದ ನೀರಿನ ಸಿಂಪಡಣೆಯಿಂದಲೂ ಐಡಲ್ ಬದಲಾಗುವುದನ್ನು ಗಮನಿಸಬಹುದು.

ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸೋರಿಕೆಯನ್ನು ಮಾತ್ರ ಸಣ್ಣದೆಂದು ಬಿಡುವಂತಿಲ್ಲ. ತಣ್ಣಗಿರುವಾಗ ‘ಟಿಕ್ ಟಿಕ್’ ಎಂದು, ಲೋಹ ಹಿಗ್ಗಿದ ಮೇಲೆ ಸುಮ್ಮನಾಗುವುದು ಅದರ ಲಕ್ಷಣ. ಹಾಗಾಗಿ ಕಿವಿಗೊಡಬೇಕಾದದ್ದು ತಣ್ಣನೆಯ ಸ್ಟಾರ್ಟಿನ ಮೊದಲ ನಿಮಿಷದಲ್ಲಿ, ಎಂಜಿನ್ ಮುಚ್ಚಳ ತೆರೆದಿಟ್ಟು. ಕೆಲವು ದಿನಗಳ ಓಟದ ನಂತರ ಸಂದಿನ ಬಳಿ ಕಪ್ಪು ಮಸಿಯ ಗೆರೆಯೂ ಕಾಣುತ್ತದೆ. ಅಲ್ಲಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಎಂಜಿನ್ ಮುಚ್ಚಳದ ಅಂಚಿನ ರಬ್ಬರನ್ನೂ, ನೆಲದಲ್ಲಿ ತಂತಿ ಕೊಳವೆಗಳು ಹಾದುಹೋಗುವ ತೂತುಗಳನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ ಮುಚ್ಚಬೇಕು. ಕೋಣೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು, ಆದರೆ ಅದು ಈ ಪರೀಕ್ಷೆಗೆ ಬದಲಿಯಲ್ಲ. ಈ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲೇ ನಡೆಸಬೇಕು, ಮುಚ್ಚಿದ ಶೆಡ್ಡಿನಲ್ಲಿ ಅಲ್ಲ.

ಎಣ್ಣೆಯ ಹೊರಸೋರಿಕೆಗೆ ಹೆಚ್ಚು ಮಾತು ಬೇಡ. ಎಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಿ, ಸಂದೇಹವಿರುವಲ್ಲಿ ಟಾಲ್ಕಂ ಪೌಡರ್ ಉದುರಿಸಿದರೆ ಒದ್ದೆಯಾದ ಜಾಗ ಎದ್ದು ಕಾಣುತ್ತದೆ. ಎಣ್ಣೆ ಕೆಳಕ್ಕೂ ಗಾಳಿಯೊಡನೆ ಹಿಂದಕ್ಕೂ ಹರಿಯುವುದರಿಂದ ಒದ್ದೆಯಾದ ಅತಿ ಮೇಲಿನ, ಅತಿ ಮುಂದಿನ ಬಿಂದುವೇ ಮೂಲ. ಟ್ಯಾಪೆಟ್ ಕವರಿನ ಹಿಂಮೂಲೆಯಿಂದ ಇಳಿದ ಎಣ್ಣೆಯನ್ನು ಕ್ರ್ಯಾಂಕಿನ ಹಿಂದಿನ ಸೀಲಿನದೆಂದು ತಿಳಿದು ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ. ಎಲ್ಲ ಕಡೆಯೂ ಒಟ್ಟಿಗೆ ಜಿನುಗುತ್ತಿದ್ದರೆ ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ನೋಡಬೇಕು. ಕಾರ್ಕ್ ಗ್ಯಾಸ್ಕೆಟ್ ಜಿನುಗಿತೆಂದು ತೆಳುತಗಡಿನ ಕವರನ್ನು ಮತ್ತಷ್ಟು ಬಿಗಿದರೆ ಅದು ಬೋಲ್ಟಿನ ಬಳಿ ತಗ್ಗಿ, ನಡುವೆ ಉಬ್ಬಿ, ಮೊದಲಿಗಿಂತ ಹೆಚ್ಚು ಸೋರುತ್ತದೆ.

ರಸ್ತೆಯಲ್ಲಿ

ನಿಂತಲ್ಲೇ ಓಡುವ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡ ಬಹಳ ಕಡಿಮೆ. ಮೊದಲು ಲೆಕ್ಕ ಹಾಕಿದ 4 ಟನ್ ಬಲ ಹುಟ್ಟುವುದು ಏರಿನಲ್ಲಿ. ಮೊದಲ ಓಟ ಹದಿನೈದು ಇಪ್ಪತ್ತು ಕಿಲೋಮೀಟರ್ ಸಾಕು, ನೀರಿನ ಟ್ಯಾಂಕುಗಳು ಖಾಲಿಯಿರಲಿ, ಸಾಮಾನು ಇಳಿದಿರಲಿ, ರಸ್ತೆ ಸಮತಟ್ಟಾಗಿರಲಿ. ಮರಳಿ ಬಂದು, ತಣಿಸಿ, ಬೆಳಿಗ್ಗೆ ಹೋಸನ್ನೂ ಮಟ್ಟಗಳನ್ನೂ ನೋಡಿ, ಸರಿಯಿದ್ದರೆ ಮಾತ್ರ ಉದ್ದನೆಯ ಏರಿರುವ ರಸ್ತೆಗೆ ಹೋಗಬೇಕು. ಏರಿನಲ್ಲಿ ಮುಳ್ಳು ನಿಧಾನವಾಗಿ ಏರಿ, ಇಳಿಜಾರಿನಲ್ಲಿ ಇಳಿದರೆ ಅದು ರೇಡಿಯೇಟರಿನ ಶಕ್ತಿಯ ಮಾತು. ಭಾರ ಬಿದ್ದೊಡನೆ ಮುಳ್ಳು ಚಿಮ್ಮಿ, ಕೂಲಂಟ್ ಹೆಚ್ಚುವರಿ ಡಬ್ಬಿಗೆ ಉಕ್ಕಿದರೆ ಅದು ಗ್ಯಾಸ್ಕೆಟ್ಟಿನ ಮಾತು.

ಕೊನೆಯ ಓಟ ಪೂರ್ತಿ ಸಾಮಾನು, ತುಂಬಿದ ಟ್ಯಾಂಕುಗಳೊಡನೆ ಇರಬೇಕು, ಗಾಡಿ ನಿಜವಾಗಿ ಪ್ರಯಾಣಿಸುವ ಸ್ಥಿತಿಯಲ್ಲಿ. ಅಷ್ಟು ಹೊತ್ತಿಗೆ ಡಬ್ಬಿಯ ಮೇಲೆ ಕೂಲಂಟಿನ ತಣ್ಣನೆಯ ಮಟ್ಟಕ್ಕೊಂದು ಗೆರೆ ಎಳೆದಿಟ್ಟಿರಬೇಕು. ಆ ಓಟದ ಮರುದಿನ ಬೆಳಿಗ್ಗೆ ಹೋಸ್ ಮೆತ್ತಗಿದ್ದು, ಕೂಲಂಟ್ ಆ ಗೆರೆಯಲ್ಲೇ ನಿಂತಿದ್ದರೆ, ಎಣ್ಣೆ ಮತ್ತು ಫಿಲ್ಟರನ್ನು ಎರಡನೆಯ ಸಲ ಬದಲಿಸಿ ಎಂಜಿನ್ ಮುಚ್ಚಳವನ್ನು ಮುಚ್ಚಬಹುದು.